ಗದಿಗೆಮ್ಮ ಚೆನ್ನಾಗಿದ್ದಾಳೆ

ಮೆಹದಿಪಟ್ಟಣಂ, ಹೈದರಾಬಾದ್
8 ಜೂನ್ 2003

ಅಕ್ಕಾ, ಶರಣು.

ನಿನ್ನ ತಮ್ಮ ವೀರಭದ್ರಪ್ಪನಿಗೆ ಬಡ್ತಿ ಸಿಕ್ಕಿದೆ. ಎಮ್ಮೆಯಿಂದ ಇಲಿಗೆ.

ನಗಬೇಡ. ಗಂಗಾವತಿ ತಾಲೂಕಿನ ಎಮ್ಮೆಗಳ ಹೊಟ್ಟೆಯೊಳಗೆ ಭುಜದವರೆಗೆ ಕೈಯಿಟ್ಟು ಕರು ಎಳೆಯುತ್ತಿದ್ದ ಸರಕಾರಿ ಪಶುವೈದ್ಯ ಈಗ ಕೊಂಡಾಪುರದ ಗಾಜಿನ ಕಟ್ಟಡವೊಂದರ ಐದನೇ ಮಹಡಿಯಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತಿದ್ದಾನೆ. ಬಾರೆಹಣ್ಣಿನ ಗಾತ್ರದ ಜಠರವನ್ನು ಕತ್ತರಿಸಿ ಚಿಕ್ಕದು ಮಾಡಿ, ರೆಪ್ಪೆಗೂದಲಿನಂಥ ದಾರದಿಂದ ಕರುಳಿಗೆ ಜೋಡಿಸಿ ಹೊಲಿಯುತ್ತಾನೆ. ಎಮ್ಮೆ ಕೊನೇಪಕ್ಷ ಬಾಲದಿಂದ ಬಾರಿಸಿ ತನ್ನ ಅಭಿಪ್ರಾಯ ತಿಳಿಸುತ್ತಿತ್ತು. ಇಲಿ ನಿದ್ದೆಯಲ್ಲಿರುತ್ತದೆ. ಪ್ರಶಂಸೆಯೂ ಇಲ್ಲ, ಒದೆಯೂ ಇಲ್ಲ.

ಕೆಳಗಿನ ನಾಲ್ಕೂ ಮಹಡಿಗಳಲ್ಲಿ ಸಾಫ್ಟ್‌ವೇರ್ ಕಂಪನಿಗಳು. ಕೊರಳಿಗೆ ಗುರುತಿನ ಪಟ್ಟಿ ಹಾಕಿಕೊಂಡ ಹುಡುಗರು ಲಿಫ್ಟಿನಲ್ಲಿ "ಮೀದಿ ಏ ಪ್ರಾಜೆಕ್ಟ್ ಸಾರ್?" ಎಂದು, ನಿಮ್ಮದು ಯಾವ ಪ್ರಾಜೆಕ್ಟ್ ಎಂದು, ತೆಲುಗಿನಲ್ಲಿ ವಿನಯದಿಂದ ಕೇಳುತ್ತಾರೆ. "ಹೆಲ್ತ್" ಎನ್ನುತ್ತೇನೆ. ಒಮ್ಮೆ ಮರೆತು ಇಲಿ ಎಂದಿದ್ದೆ. ಎರಡನೇ ಮಹಡಿಯಲ್ಲೇ ಲಿಫ್ಟು ಖಾಲಿಯಾಯಿತು.

ಇವು ನಿನ್ನ ಖಾನಾವಳಿಯ ಜೋಳದ ಚೀಲ ಕೊರೆಯುವ ಇಲಿಗಳಲ್ಲ. ದಪ್ಪವಾಗುವುದನ್ನು ರಕ್ತದಲ್ಲೇ ಹೊತ್ತು ಹುಟ್ಟಿದವು. ಅಪ್ಪ ದಪ್ಪ, ಅವ್ವ ದಪ್ಪ, ಅಜ್ಜಿಯ ವಿಷಯ ಕೇಳಲೇಬೇಡ. ಪಕ್ಕದ ಗೂಡಿನ ಸಣಕಲು ಇಲಿಗೆ ಕೊಟ್ಟಷ್ಟೇ ಕಾಳು ಇವಕ್ಕೂ ಕೊಟ್ಟು ನೋಡಿದ್ದೇವೆ. ಆದರೂ ಪೂರಿಯ ಹಾಗೆ ಉಬ್ಬುತ್ತವೆ. ಗೂಡುಗಳ ಸಾಲನ್ನು ಮೊದಲ ದಿನ ನೋಡಿದಾಗ ನನಗೆ ನಮ್ಮ ಮನೆತನದ ಗುಂಪು ಫೋಟೋ ನೆನಪಾಯಿತು. ಇವುಗಳ ಹೊಟ್ಟೆ ಹೊಲಿದರೆ ತೂಕ ಇಳಿಯುತ್ತದೆಯೇ, ಇಳಿದದ್ದು ಇಳಿದೇ ಇರುತ್ತದೆಯೇ ಎಂದು ನೋಡುವುದು ನನ್ನ ಕೆಲಸ.

ಕಂಪನಿಯವರು ಇಲಿಗಳಿಗೆ ನಂಬರು ಕೊಟ್ಟಿದ್ದಾರೆ. ನನಗೆ ನಂಬರು ನೆನಪುಳಿಯುವುದಿಲ್ಲ, ನಮ್ಮ ಮನೆಯವರ ಹೆಸರಿಟ್ಟಿದ್ದೇನೆ. ಎಲ್ಲರಿಗಿಂತ ದೊಡ್ಡದೊಂದು ಹೆಣ್ಣು ಇದೆ. ಗೂಡಿನ ನಡುವೆ ಗಲ್ಲಾಪೆಟ್ಟಿಗೆಯ ಮುಂದೆ ಕೂತಂತೆ ಕೂತು ಬಂದುಹೋಗುವವರನ್ನು ಅಳೆಯುತ್ತದೆ. ಅದಕ್ಕೆ ಯಾರ ಹೆಸರು ಎಂದು ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ನೀನು ಜಾಣೆ.

ನಿನ್ನ ತಮ್ಮ,
ವೀರೂ


ಗಂಗಾವತಿ
29 ಜೂನ್ 2003

ಚಿರಂಜೀವಿ ವೀರೂಗೆ ಗದಿಗೆಮ್ಮ ಎಂಬ ಇಲಿಯ ಆಶೀರ್ವಾದಗಳು.

ನಿನ್ನ ಕಾಗದ ಊಟದ ಹೊತ್ತಿಗೆ ಬಂತು. ಗಟ್ಟಿಯಾಗಿ ಓದಿದ್ದು ನನ್ನದೇ ತಪ್ಪು. ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಶಿವಾನಂದನಿಗೆ ರೊಟ್ಟಿ ನೆತ್ತಿಗೇರಿತು. ಈಗ ದಿನಾ ಬಂದು ಕೇಳುತ್ತಾನೆ, "ಏನ್ರೀ ಅಕ್ಕಾರ, ಹೈದರಾಬಾದ್ ಗದಿಗೆಮ್ಮ ಹೆಂಗದಾಳ್ರೀ?" "ನನಗಿಂತ ಆರಾಮ ಅದಾಳ, ಆಕಿಗೆ ಕೂತಲ್ಲೇ ಕೂಳು ಬರತೈತಿ, ನಿಮ್ಮಂಥವರಿಗೆ ಬಡಸೂದಿಲ್ಲ" ಎನ್ನುತ್ತೇನೆ.

ನಮ್ಮ ಮನೆಯ ಪದ್ಧತಿ ಮರೆತೆಯೇನು? ಕೂಸಿಗೆ ಯಾರ ಹೆಸರಿಟ್ಟರೋ ಅವರು ಅದರ ತಲೆಗೆ ಹಾಕುವ ಕುಂಚಿಗೆ ಹೊಲಿಸಿ ಕಳಿಸಬೇಕು. ಈ ಲಕೋಟೆಯಲ್ಲಿದೆ. ಇಳಕಲ್ ಸೀರೆಯ ಅಂಚಿನ ತುಂಡು. ಹೊಲಿದವಳು ನಮ್ಮ ವಿಜಯಶ್ರೀ. ಹೆಬ್ಬೆರಳಿಗೆ ತೊಡಿಸಿ ಅಳತೆ ನೋಡಿದಳು. ಸೂಜಿ ಹಿಡಿದರೆ ನನ್ನ ಮಗಳದು ಥೇಟ್ ನಿನ್ನ ಕೈ. ಈಗ ಕಾಲೇಜಿಗೆ ಹೋಗುತ್ತಿಲ್ಲ, ಮನೆಯಲ್ಲೇ ಇದ್ದಾಳೆ. ರಜೆ ಇರಬೇಕು.

ಫೋನು ಮಾಡಬೇಡ. ಬೂದೆಪ್ಪನ ಎಸ್‌ಟಿಡಿ ಬೂತಿನ ಗಾಜಿನ ಡಬ್ಬಿಯೊಳಗೆ ನಾನು ಹೊಕ್ಕರೆ ಬಾಗಿಲು ಮುಚ್ಚುವುದಿಲ್ಲ. ಮುಚ್ಚದಿದ್ದರೆ ಊರೇ ಕೇಳುತ್ತದೆ. ಕಾಗದವೇ ಇರಲಿ, ಅದರೊಳಗೆ ಎಷ್ಟು ದಪ್ಪ ಇದ್ದವರೂ ಹಿಡಿಸುತ್ತಾರೆ.

ಅಕ್ಕ


ಮೆಹದಿಪಟ್ಟಣಂ
14 ಸೆಪ್ಟೆಂಬರ್ 2003

ಅಕ್ಕಾ, ಶರಣು.

ಬ್ಯಾಂಡು ಬಾರಿಸು. ಗದಿಗೆಮ್ಮ ಗೆದ್ದಿದ್ದಾಳೆ!

ಅಪರೇಶನ್ ಆಗಿ ಹನ್ನೆರಡು ವಾರವಾಯಿತು. ಮೊದಲ ವಾರ ನನ್ನ ಮುಖ ನೋಡಲಿಲ್ಲ. ಆಮೇಲೆ ನಾಲ್ಕು ಕಾಳು ತಿಂದು ಮೂತಿ ತಿರುಗಿಸುವುದು ಕಲಿತಳು. ಯಾವಾಗಲೂ ಖಾಲಿಯಾಗುತ್ತಿದ್ದ ಬಟ್ಟಲಿನಲ್ಲಿ ಕಾಳು ಉಳಿದದ್ದನ್ನು ಕಂಡು ನಮ್ಮ ಗೂಡು ತೊಳೆಯುವ ಲಿಂಗಣ್ಣ ಗಾಬರಿಯಾಗಿ ಓಡಿಬಂದ. ಗುರುಮಠಕಲ್ ಕಡೆಯವನು. "ಸಾಹೇಬ್ರ, ಈಕಿ ಸಿಟ್ಟಿಗೆದ್ದಾಳೇನ್ರೀ? ಊಟಾ ಬಿಟ್ಟಾಳಲ್ರೀ!" ಎಂದ. ಸಿಟ್ಟಲ್ಲ ಮಾರಾಯ, ವಿಜ್ಞಾನ ಎಂದೆ.

ಈಗ ಅವಳು ಅರ್ಧಕ್ಕರ್ಧ ಇಳಿದಿದ್ದಾಳೆ. ಗೂಡಿನ ತುಂಬ ಓಡಾಡುತ್ತಾಳೆ. ಇಲಿಯ ಒಂದು ತಿಂಗಳೆಂದರೆ ನಮ್ಮ ಎರಡು ಮೂರು ವರ್ಷ. ಹಾಗಾಗಿ ಇವಳು ಬಹಳ ಕಾಲದ ಸುಂದರಿ ಎಂದೇ ಲೆಕ್ಕ. ನಮ್ಮ ಮೇಲಿನವರು ರಾಮದಾಸ ಸಾಹೇಬರು ತೂಕದ ಗೆರೆ ಇಳಿಜಾರಿನಲ್ಲಿ ಜಾರಿದ್ದನ್ನು ನೋಡಿ ನನ್ನ ಬೆನ್ನು ತಟ್ಟಿದರು. "ಇಲ್ಲಿಗೇ ನಿಲ್ಲಿಸಿ ಲೇಖನ ಬರೆಯಿರಿ, ಬಹಳ ಚೆನ್ನಾಗಿದೆ" ಎಂದರು. ಮನೆಯಲ್ಲಿ ಸಂಯುಕ್ತಾ ಇಲಿ ಮುಟ್ಟಿದ ಕೈಗೆ ಮೊದಲ ಬಾರಿ ಬಿಸಿ ಬಿಸಿ ಬೋಂಡಾ ಕೊಟ್ಟಳು.

ಕುಂಚಿಗೆ ಅದ್ಭುತವಾಗಿದೆ ಎಂದು ವಿಜಿಗೆ ಹೇಳು. ತೊಡಿಸಲಿಲ್ಲ, ರಾಮದಾಸ ಸಾಹೇಬರು ನೋಡಿದರೆ ನನ್ನನ್ನೇ ಗೂಡಿಗೆ ಹಾಕುತ್ತಾರೆ. ಮೇಜಿನ ಡ್ರಾಯರಿನಲ್ಲಿ ಮುಚ್ಚಿಟ್ಟಿದ್ದೇನೆ.

ವೀರೂ


ಗಂಗಾವತಿ
2 ನವೆಂಬರ್ 2003

ವೀರೂ,

ಗಿರಾಕಿಗಳು ನಿನ್ನ ಕಾಗದವನ್ನು ನಾಲ್ಕು ಸಲ ಓದಿಸಿದರು. ಶಿವಾನಂದನಂತೂ ಗದಿಗೆಮ್ಮನಿಗೆ ಜೈಕಾರ ಹಾಕಿ ಎರಡು ರೊಟ್ಟಿ ಹೆಚ್ಚು ತಿಂದ. ವಿಜಿ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಾಳೆ. ನಗುವಿನ ಸದ್ದು ಹೊರಗೆ ಬರುತ್ತದೆ.

ಸುಮ್ಮನೆ ಕೇಳುತ್ತೇನೆ. ಹೊಟ್ಟೆ ಹೊಲಿದ ಮೇಲೆ ಅವಳಿಗೆ ನೋವು ಎಷ್ಟು ದಿನ ಇತ್ತು? ಈಗ ಎಲ್ಲವನ್ನೂ ತಿನ್ನುತ್ತಾಳಾ? ವಯಸ್ಸಿನಲ್ಲಿ ಚಿಕ್ಕವಳಾದರೆ ಬೇಗ ಸುಧಾರಿಸಿಕೊಳ್ಳುತ್ತಾಳಾ? ಸುಮ್ಮನೆ, ಗಿರಾಕಿಗಳು ಕೇಳಿದರೆ ಹೇಳಲಿಕ್ಕೆ.

ಅಕ್ಕ


ಮೆಹದಿಪಟ್ಟಣಂ
18 ಜನವರಿ 2004

ಅಕ್ಕಾ, ಶರಣು.

ತಡವಾಯಿತು. ಸಂಕ್ರಾಂತಿಗೆ ಇಲ್ಲಿ ಆಕಾಶದ ತುಂಬ ಗಾಳಿಪಟ. ದಾರ ನನ್ನ ಸ್ಕೂಟರಿಗೆ ಸುತ್ತಿಕೊಂಡು ಮೆಹದಿಪಟ್ಟಣದ ನಡುರಸ್ತೆಯಲ್ಲಿ ನಾನೇ ಗಾಳಿಪಟವಾಗುವುದು ಸ್ವಲ್ಪದರಲ್ಲಿ ತಪ್ಪಿತು. ಊರಿನ ತುಂಬ ರಸ್ತೆ ಅಗೆದಿದ್ದಾರೆ. ಕೊಂಡಾಪುರದಲ್ಲಿ ನಿನ್ನೆ ಬಂಡೆಯಿದ್ದಲ್ಲಿ ಇವತ್ತು ಅಪಾರ್ಟ್‌ಮೆಂಟು. ನಾಳೆ ಏನಿರುತ್ತದೋ ಬಂಡೆಗೂ ಗೊತ್ತಿಲ್ಲ. ಸಂಯುಕ್ತಾ ಅಲ್ಲೊಂದು ಮನೆ ನೋಡಿ ಬಂದಿದ್ದಾಳೆ.

ನಿನ್ನ ಪ್ರಶ್ನೆಗಳನ್ನು ಓದಿದೆ. ಗಿರಾಕಿಗಳ ಹೆಸರಿನಲ್ಲಿ ನಿನ್ನ ಮೊಣಕಾಲು ಕೇಳುತ್ತಿದೆ ಎಂದು ನನಗೆ ಗೊತ್ತಾಗದೇ? ಮೊಣಕಾಲಿಗೆ ಎಣ್ಣೆ ಹಚ್ಚಿಕೋ.

ಗದಿಗೆಮ್ಮ ಚೆನ್ನಾಗಿದ್ದಾಳೆ. ಅವಳಿಗೆ ಈಗ ಯಾವ ತೊಂದರೆಯೂ ಇಲ್ಲ.

ಹೆಚ್ಚು ಬರೆಯಲು ಹೊತ್ತಿಲ್ಲ.

ವೀರೂ


ಗಂಗಾವತಿ
7 ಮಾರ್ಚ್ 2004

ವೀರೂ,

ಮೊಣಕಾಲು ಅಂತೀಯಲ್ಲ, ಇರಲಿ. ಗದಿಗೆಮ್ಮ ಚೆನ್ನಾಗಿದ್ದಾಳೆ ಎಂದು ಓದಿ ಜೀವಕ್ಕೆ ಸಮಾಧಾನವಾಯಿತು. ಬೇರೆಲ್ಲ ಬಿಟ್ಟು ಆ ಒಂದು ಸಾಲನ್ನು ಮತ್ತೆ ಮತ್ತೆ ನೋಡಿದೆ.

ಹೋದ ವಾರ ನಿಮ್ಮ ಹೈದರಾಬಾದಿನ ಒಂದು ದೊಡ್ಡ ಆಸ್ಪತ್ರೆಯವರು ಇಲ್ಲಿ ಶಿಬಿರ ಹಾಕಿದ್ದರು. ಇದೇ ಅಪರೇಶನ್ ಮನುಷ್ಯರಿಗೂ ಮಾಡುತ್ತಾರಂತೆ. ಡಾಕ್ಟರು ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದರು. ನಾನು ಎದ್ದು ನಿಂತು, "ಇದನ್ನ ನನ್ನ ತಮ್ಮನೂ ಮಾಡ್ತಾನ್ರೀ, ಆದ್ರ ಇಲಿಗೆ" ಎಂದೆ. ಎಲ್ಲರೂ ನಕ್ಕರು. ಡಾಕ್ಟರು ನಗಲಿಲ್ಲ. "ಹಾಗಾದರೆ ನಿಮಗೆ ನಾನು ಹೇಳುವುದೇನಿದೆ ತಾಯಿ, ಮನೆಯಲ್ಲೇ ಡಾಕ್ಟರಿದ್ದಾರೆ" ಎಂದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಮೊಣಕಾಲು ನೋವು ಮರೆತು ಮನೆಯತನಕ ನಡೆದೇ ಬಂದೆ.

ನಮ್ಮವರೊಬ್ಬರಿಗೆ ಮಾಡಿಸಬೇಕೆಂದಿದೆ. ನಿನ್ನದೊಂದು ಹೂಂ ಬೇಕು. ಮಾಡಿಸುವುದಾದರೆ ಕೆಲವು ದಿನ ನಿಮ್ಮ ಮನೆಯಲ್ಲಿ ಇರಬೇಕಾದೀತು.

ಅಕ್ಕ


ಮೆಹದಿಪಟ್ಟಣಂ
21 ಮಾರ್ಚ್ 2004

ಅಕ್ಕಾ, ಶರಣು.

ಹೈದರಾಬಾದಿಗೆ ಬರುವ ಆಲೋಚನೆಯನ್ನು ಸದ್ಯಕ್ಕೆ ತಲೆಯಿಂದ ತೆಗೆದು ಗಡಿಗೆಯಲ್ಲಿ ಮುಚ್ಚಿಡು. ಬೇಸಿಗೆಯಲ್ಲಿ ಈ ಊರು ಹಪ್ಪಳ ಸುಡುವ ಹೆಂಚು. ಮನೆಯಲ್ಲಿ ನೀರು ದಿನ ಬಿಟ್ಟು ದಿನ. ಸಂಯುಕ್ತಾಳ ತವರಿನವರು ಬಂದು ಬೀಡುಬಿಟ್ಟಿದ್ದಾರೆ. ಮುಂದಿನ ತಿಂಗಳು ಕೊಂಡಾಪುರದ ಹೊಸ ಮನೆಗೆ ಹೋಗುತ್ತೇವೆ, ಅದು ಆರನೇ ಮಹಡಿ. ಲಿಫ್ಟು ಇದೆ, ಆದರೆ ನಾಲ್ಕೇ ಜನರದ್ದು. ಅದರೊಳಗೆ ನೀನು ನಿಂತು ಬಟನ್ ಒತ್ತಿದರೆ ಅದು ಮೇಲೆ ಹೋಗುತ್ತದೋ ರಾಜೀನಾಮೆ ಕೊಡುತ್ತದೋ!

ಆ ಆಸ್ಪತ್ರೆಯ ವಿಷಯ ಒಂದು ವರ್ಷ ತಡೆದು ನೋಡೋಣ. ಅವಸರವೇನಿದೆ? ಇಷ್ಟು ವರ್ಷ ಹೊತ್ತದ್ದನ್ನು ಇನ್ನೊಂದು ವರ್ಷ ಹೊತ್ತರೆ ಆಯಿತು.

ವೀರೂ


ಗಂಗಾವತಿ
4 ಏಪ್ರಿಲ್ 2004

ಡಾಕ್ಟರ್ ವೀರಭದ್ರಪ್ಪನವರಿಗೆ,

ನಿಮ್ಮ ಕಾಗದ ತಲುಪಿತು. ಇದನ್ನು ಗಟ್ಟಿಯಾಗಿ ಓದಲಿಲ್ಲ. "ಇವತ್ತೇನ್ ಬರದಾರ್ರೀ?" ಎಂದು ಶಿವಾನಂದ ಕೇಳಿದ. "ಎಲ್ಲಾ ಆರಾಮ ಅಂತ" ಎಂದೆ.

ಮೊದಲು ನನಗೂ ನಗು ಬಂತು. ಆಮೇಲೆ ತಿಳಿಯಿತು. ನಾಲ್ಕು ಜನರ ಲಿಫ್ಟಿಗೆ ನಾನೊಬ್ಬಳೇ ನಾಲ್ಕು ಜನ. ಹೊಸ ಮನೆಗೆ ಬರುವವರು ಕೋಟು ಬೂಟಿನವರು, ಹೆಂಡತಿಯ ತವರಿನವರು. ಅವರ ನಡುವೆ ಬಸ್‌ಸ್ಟ್ಯಾಂಡಿನ ಖಾನಾವಳಿಯ ದಪ್ಪ ಹೆಂಗಸು ಬಂದು "ಇವನು ನನ್ನ ತಮ್ಮ" ಎಂದರೆ ಇವನಿಗೆ ಹೇಗಾಗಬೇಡ? ನನ್ನ ಹೆಸರನ್ನು ಇಲಿಗೆ ಇಡಬಹುದು, ಗೂಡಿನಲ್ಲಿ ಇಟ್ಟುಕೊಳ್ಳಬಹುದು. ಮನೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ.

ಆ ಮಾತು ಇಲ್ಲಿಗೆ ಬಿಟ್ಟೆ. ಇನ್ನು ನಿಮಗೆ ತೊಂದರೆ ಕೊಡುವುದಿಲ್ಲ.

ಗದಿಗೆಮ್ಮ


ಕೊಂಡಾಪುರ, ಹೈದರಾಬಾದ್
2 ಮೇ 2004

ಅಕ್ಕಾ,

ನೀನು ನನ್ನನ್ನು "ನೀವು" ಎಂದದ್ದು ಈ ಜನ್ಮದಲ್ಲಿ ಇದೇ ಮೊದಲು. ಅದಾದ ಮೇಲೆ ಎರಡು ಕಾಗದ ಬರೆದು ಹರಿದೆ. ಎರಡರಲ್ಲೂ ತಮಾಷೆ ಇತ್ತು.

ಆ ಮಾತು ಬಿಟ್ಟೆ ಎಂದು ಬರೆದಿದ್ದೀಯಲ್ಲ, ಓದಿ ದೊಡ್ಡ ನಿಟ್ಟುಸಿರು ಬಿಟ್ಟೆ. ನೀನು ಆಸ್ಪತ್ರೆಯ ವಿಚಾರ ಕೈಬಿಟ್ಟಿರುವುದರಿಂದಲೇ ಇವತ್ತು ಇದನ್ನು ಬರೆಯುವ ಧೈರ್ಯ ಬಂದಿದೆ. ಎಂಥ ಧೈರ್ಯ ನೋಡು. ಬೆಂಕಿ ಆರಿದ ಮೇಲೆ ನೀರು ಹೊತ್ತು ಬರುವವನ ಧೈರ್ಯ.

ಗದಿಗೆಮ್ಮ ಡಿಸೆಂಬರಿನಲ್ಲೇ ತೀರಿಕೊಂಡಳು.

ಹನ್ನೆರಡು ವಾರದ ಗೆರೆ ನಿಜ. ಅದರ ಮುಂದಿನ ಗೆರೆಯೂ ನಿಜ. ನಾಲ್ಕನೇ ತಿಂಗಳಿಗೆ ಇಳಿಯುವುದು ನಿಂತಿತು. ಆಮೇಲೆ ಹಸಿವು ಮರಳಿ ಬಂತು. ಹೊಟ್ಟೆಯನ್ನು ಹೊಲಿಯಬಹುದು, ಹುಟ್ಟಿನಿಂದ ಬಂದದ್ದನ್ನು ಹೊಲಿಯಲು ನನ್ನ ಸೂಜಿಗೆ ಬರುವುದಿಲ್ಲ. ಹಲವು ಇಲಿಗಳು ಕಳೆದುಕೊಂಡದ್ದರಲ್ಲಿ ಅರ್ಧವನ್ನು ಮತ್ತೆ ಗಳಿಸಿದವು. ಕರುಳಿನ ದಾರಿ ಮೊಟಕಾದ್ದರಿಂದ ತಿಂದದ್ದರ ಸತ್ವ ಮೈಗೆ ಹತ್ತಲಿಲ್ಲ. ಕೂದಲು ಉದುರಿತು, ರಕ್ತ ತೆಳುವಾಯಿತು, ಎಲುಬು ಟೊಳ್ಳಾಯಿತು. ಒಂದು ಬೆಳಿಗ್ಗೆ ಲಿಂಗಣ್ಣ ಬಂದು "ಸಾಹೇಬ್ರ, ಗದಿಗೆಮ್ಮ ಏಳಾಕ ಒಲ್ಲಳ್ರೀ" ಎಂದ. ನೀರಿನ ನಳಿಗೆಗೆ ಮುಂಗಾಲು ಎತ್ತಿ ನಿಂತದ್ದಷ್ಟೇ, ಹಿಂಗಾಲು ಮುರಿದಿತ್ತು. ಆಮೇಲೆ ಹೆಚ್ಚು ದಿನ ಇರಲಿಲ್ಲ.

ಅಪರೇಶನ್ ಆದ ಕೆಲವಕ್ಕೆ ಮಾತ್ರ ದಿನಾ ಸುಣ್ಣದಂಶ, ಕಬ್ಬಿಣ, ವಿಟಮಿನ್ ಸೇರಿಸಿದ ಆಹಾರ ಕೊಟ್ಟಿದ್ದೆವು. ಅವು ಇನ್ನೂ ಇವೆ. ಗದಿಗೆಮ್ಮ ಆ ಗುಂಪಿನಲ್ಲಿರಲಿಲ್ಲ. ರಾಮದಾಸ ಸಾಹೇಬರಿಗೆ ಹನ್ನೆರಡು ವಾರದ ಆಚೆಯ ಗೆರೆ ಬೇಡ. "ಕಥೆ ಚೆನ್ನಾಗಿರುವಾಗಲೇ ಮುಗಿಸಬೇಕು" ಎಂದರು. ನಾನೂ ನಿನಗೆ ಬರೆದ ಕಾಗದಗಳಲ್ಲಿ ಅದನ್ನೇ ಮಾಡಿದೆ.

ಯಾಕೆ ಮುಚ್ಚಿಟ್ಟೆ ಎಂದರೆ, ನಮ್ಮೂರಲ್ಲಿ ಸಾವಿನ ಕಾಗದ ಬಂದರೆ ಹೊಸ್ತಿಲಾಚೆ ನಿಂತು ಓದಿ, ಹರಿದು ಹೊರಗೇ ಎಸೆದು, ಕೈಕಾಲು ತೊಳೆದು ಒಳಗೆ ಬರುತ್ತಾರೆ. ಅಂಥ ಕಾಗದದಲ್ಲಿ ನಿನ್ನ ಹೆಸರನ್ನು ನನ್ನ ಕೈಯಾರೆ ಹೇಗೆ ಬರೆಯಲಿ? ಪೆನ್ನು ಎತ್ತಿದೆ, ಆಗಲಿಲ್ಲ. "ಚೆನ್ನಾಗಿದ್ದಾಳೆ" ಎಂದು ಬರೆದೆ. ವಿಜ್ಞಾನಿಯಂತೆ, ವಿಜ್ಞಾನಿ.

ಮಾರ್ಚ್‌ನಲ್ಲಿ ನೀನೇ ಹೊಟ್ಟೆ ಹೊಲಿಸಿಕೊಳ್ಳಲು ಹೊರಟಿದ್ದೀ ಎಂದು ಹೆದರಿ ಲಿಫ್ಟಿನ ತಮಾಷೆ ಬರೆದೆ. ನಿನ್ನನ್ನು ಕಂಡು ನನಗೆ ನಾಚಿಕೆ ಎಂದು ನೀನು ಓದಿಕೊಂಡೆ. ಪೂರ್ತಿ ಇಲ್ಲ ಎಂದು ಬರೆಯಲಾರೆ. ಗೃಹಪ್ರವೇಶದ ದಿನ ನೀನು ಬಂದಿಲ್ಲವಲ್ಲ ಎಂದು ಒಮ್ಮೆ ಹಾಯೆನಿಸಿತ್ತು. ಒಮ್ಮೆಯೇ. ಆದರೂ ಅನಿಸಿತ್ತು.

ಬೈದು ಒಂದು ಕಾಗದ ಬರಿ. ಏಕವಚನದಲ್ಲಿ.

ವೀರೂ


ಸುಲ್ತಾನ್ ಬಜಾರ್, ಹೈದರಾಬಾದ್
12 ಮೇ 2004

ವೀರೂ,

ಈ ಊರಿನ ಹೆಸರು ನೋಡಿ ಬೆಚ್ಚಿಬೀಳಬೇಡ. ಏಪ್ರಿಲ್ ಇಪ್ಪತ್ತೆಂಟರಿಂದ ನಾನು ಮತ್ತು ವಿಜಿ ಇಲ್ಲೇ ಒಂದು ಲಾಡ್ಜಿನಲ್ಲಿದ್ದೇವೆ. ಇದು ನಿನ್ನ ಕೈಗೆ ಸಿಗುವಷ್ಟರಲ್ಲಿ ಇಮ್ಲಿಬನ್‌ನಲ್ಲಿ ಊರಿನ ಬಸ್ಸು ಹತ್ತಿರುತ್ತೇವೆ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ನಮ್ಮವರೊಬ್ಬರು ಎಂದು ಬರೆದದ್ದು ವಿಜಿಯ ವಿಷಯ. ನಿನಗೆ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಕಾಲೇಜಿಗೆ ಹೋಗುವ ಟಂಟಂ ಆಟೋದವನು ಎಲ್ಲರೆದುರು "ಏ ಯವ್ವಾ, ನೀ ಎರಡ ಸೀಟ ಆಗ್ತಿ, ಇಳಿ, ಹಿಂದಿನ ಗಾಡಿಗೆ ಬಾ" ಎಂದಿದ್ದನಂತೆ. ಅವತ್ತಿನಿಂದ ಕಾಲೇಜು ಬಿಟ್ಟಳು. ನಿನಗೆ ರಜೆ ಎಂದು ಬರೆದೆ. ಹತ್ತೊಂಬತ್ತು ವರ್ಷದ ಹುಡುಗಿ ಮನೆಯಲ್ಲಿ ಕೂತರೆ ನನ್ನ ಕಣ್ಣಿಗೆ ಹೇಗೆ ಕಾಣಬೇಕು?

ಅಪರೇಶನ್ ಆಯಿತು. ಚೆನ್ನಾಗಿ ಆಯಿತು ಎಂದಿದ್ದಾರೆ. ಎರಡು ಚಮಚ ಗಂಜಿ ಕುಡಿದು ಸಾಕು ಎನ್ನುತ್ತಾಳೆ, ನಿನ್ನ ಗದಿಗೆಮ್ಮನ ಹಾಗೆಯೇ! ಒಳಗೆ ಕರೆದೊಯ್ಯುವಾಗ ನನ್ನ ಕೈ ಬಿಡಲಿಲ್ಲ. "ಅಂಜಬ್ಯಾಡವ್ವಾ, ಮಾಮಾನ ಗದಿಗೆಮ್ಮ ಚೆಂದ ಅದಾಳಲ್ಲ, ಹಂಗ ನೀನೂ ಆಗ್ತಿ" ಎಂದೆ. ಆಗ ಬಿಟ್ಟಳು.

ಆಸ್ಪತ್ರೆಗೆ ಹೋಗುವ ಬಸ್ಸು ಮೆಹದಿಪಟ್ಟಣದ ಮೇಲೆಯೇ ಹೋಗುತ್ತದೆ. ನೀನು ಮನೆ ಬದಲಿಸಿದೆಯೋ ಇಲ್ಲವೋ ಗೊತ್ತಿರಲಿಲ್ಲ. ಆ ಸ್ಟಾಪು ಬಂದಾಗಲೆಲ್ಲ ಸೆರಗು ತಲೆಯ ಮೇಲೆ ಎಳೆದುಕೊಂಡು ಆ ಕಡೆ ತಿರುಗಿ ಕೂತೆ. ನೀನು ಹತ್ತಿಬಿಟ್ಟರೆ ನಿನಗೆ ಮುಜುಗರ ಬೇಡ ಎಂದು.

ಸಿಟ್ಟು ಇದೆ. ಆದರೂ ಒಂದು ಕೇಳಬೇಕು. ಆರು ತಿಂಗಳಾದ ಮೇಲೆ ಗದಿಗೆಮ್ಮ ಏನೇನು ತಿನ್ನುತ್ತಿದ್ದಳು? ಬರೆದು ತಿಳಿಸು.

ಅಕ್ಕ


ಗಂಗಾವತಿ
23 ಮೇ 2004

ವೀರೂ,

ಬೀಗ ತೆಗೆದಾಗ ನಿನ್ನ ಮೇ ಎರಡನೇ ತಾರೀಖಿನ ಕಾಗದ ಬಾಗಿಲ ಸಂದಿಯಲ್ಲಿ ಬಿದ್ದಿತ್ತು. ವಿಜಿಯನ್ನು ಮಲಗಿಸಿ, ಕಟ್ಟೆಯ ಮೇಲೆ ಕೂತು ಓದಿದೆ.

ನೀನು ಇದನ್ನು ಬರೆದ ದಿನ ನಾವು ನಿನ್ನ ಊರಿನಲ್ಲೇ ಇದ್ದೆವು. ಮರುದಿನ ಅವಳ ಅಪರೇಶನ್.

ಬೈಗುಳ ಕೇಳಿದ್ದೀ. ಹುಡುಕಿದೆ, ಸಿಗಲಿಲ್ಲ. ಯಾಕೆಂದರೆ ಅದರಲ್ಲಿ ಅರ್ಧ ನನಗೇ ಬೇಕಾಗಿದೆ. ವಿಜಿ ಬೇಡ ಎಂದಿದ್ದಳು. ಶಿಬಿರದಿಂದ ಬಂದ ಸಂಜೆಯೇ ಬೇಡ ಎಂದಳು. ಆಮೇಲೂ ಎಂದಳು. ನಿನ್ನ ಕಾಗದಗಳನ್ನು ಎದುರಿಗೆ ಹಿಡಿದು ಓದಿ ಓದಿ ಒಪ್ಪಿಸಿದವಳು ನಾನು. ಅವಳು ಬಾಗಿಲಲ್ಲಿ ನಿಂತರೆ ಗಿರಾಕಿಗಳು ತಾಯಿಯನ್ನೂ ಮಗಳನ್ನೂ ಒಟ್ಟಿಗೆ ಒಮ್ಮೆ ನೋಡುತ್ತಾರಲ್ಲ, ಆ ನೋಟ ನನಗೆ ಸಹಿಸಲಾಗುತ್ತಿರಲಿಲ್ಲ. ನಾಚಿಕೆ ಹುಡುಗಿಯದೆಂದು ಊರಿಗೆಲ್ಲ ಹೇಳಿದೆ, ನಿನಗೂ ಬರೆದೆ. ಅದು ನನ್ನದು.

ನಿನ್ನೆ ಖಾನಾವಳಿಯಲ್ಲಿ ಬಂದವರಿಗೆಲ್ಲ ಹುಗ್ಗಿ ಹಾಕಿದೆ. ಶಿವಾನಂದ ಕೈ ತೊಳೆದು ಬಂದು, "ಏನ್ ವಿಶೇಷ್ರೀ ಅಕ್ಕಾರ?" ಎಂದ.

"ಗದಿಗೆಮ್ಮ ತೀರಿಕೊಂಡಾಳಪ್ಪ" ಎಂದೆ.

ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ನನ್ನ ಮುಖ ನೋಡಿ ತುತ್ತು ಕೆಳಗಿಟ್ಟ. "ಉಣ್ಣು ಉಣ್ಣು, ನನ್ನ ಹೆಸರಿನಾಕಿ" ಎಂದೆ. ಎಲ್ಲರೂ ಉಂಡರು.

ನಿನ್ನ ಕಾಗದವನ್ನು ಹರಿದು ಹೊರಗೆ ಎಸೆದಿಲ್ಲ. ಒಳಗೆ ತಂದಿಟ್ಟಿದ್ದೇನೆ. ಆದರೆ ವಿಜಿಗೆ ಹೇಳಿಲ್ಲ. ದಿನಾ ಕನ್ನಡಿ ನೋಡಿಕೊಂಡು "ಅವ್ವಾ, ಇಳಿದೀನೇನ?" ಎನ್ನುತ್ತಾಳೆ. ಹೂಂ ಎನ್ನುತ್ತೇನೆ. ನನಗೆ ಬಾಯಿಲ್ಲ ವೀರೂ. ನೀನು ಹೇಳು.

ಅಕ್ಕ


ಕೊಂಡಾಪುರ
30 ಮೇ 2004

ಚಿ. ವಿಜಯಶ್ರೀಗೆ,

ಈ ಕಾಗದ ನಿನಗೆ. ಮೊದಲು ನೀನು ಓದು.

ನಿಮ್ಮ ಸುಲ್ತಾನ್ ಬಜಾರಿನ ಕಾಗದ ಹಳೆಯ ಮನೆ ಸುತ್ತಿ ಕೈಗೆ ಬಂದ ದಿನವೇ ಲಾಡ್ಜಿಗೆ ಓಡಿದೆ. ಆ ಕೋಣೆಯಲ್ಲಿ ಬೇರೆಯವರಿದ್ದರು. ಅಲ್ಲಿಂದ ಆಸ್ಪತ್ರೆಗೆ ಹೋಗಿ ನಿನ್ನ ಡಾಕ್ಟರನ್ನು ಕಂಡೆ.

ಗದಿಗೆಮ್ಮ ಎಂಬ ಇಲಿ ಚೆನ್ನಾಗಿದೆ ಎಂದು ನಾನು ಬರೆದಾಗ ಅದು ಸತ್ತುಹೋಗಿತ್ತು. ಅಪರೇಶನ್ ಆದ ಮೇಲೆ ಅದಕ್ಕೆ ಬೇಕಾದ ಸತ್ವ ಸಿಗಲಿಲ್ಲ. ಎಲುಬು ಸವೆದು ಮುರಿಯಿತು. ನಿನ್ನನ್ನು ಒಪ್ಪಿಸಿದ್ದು ನನ್ನ ಆ ಸುಳ್ಳು.

ಇಲಿಗೆ ಆದದ್ದೆಲ್ಲ ಮನುಷ್ಯರಿಗೆ ಆಗಲೇಬೇಕೆಂದಿಲ್ಲ ಎಂದು ನಿನ್ನ ಡಾಕ್ಟರು ಹೇಳಿದರು. ಅಪರೇಶನ್ ಚೆನ್ನಾಗಿ ಆಗಿದೆ, ನಿನಗೆ ಒಳ್ಳೆಯದೂ ಆಗಬಹುದು. ಆದರೆ ಅವರು ಕೊಟ್ಟ ಮಾತ್ರೆಗಳನ್ನು ಜೀವನಪೂರ್ತಿ ಬಿಡುವಂತಿಲ್ಲ. ತೆಳ್ಳಗಾದ ಮೇಲೂ, ಆರಾಮಾದ ಮೇಲೂ. ಆಗಾಗ ರಕ್ತ ಪರೀಕ್ಷೆ, ವರ್ಷಕ್ಕೊಮ್ಮೆ ಎಲುಬಿನ ಪರೀಕ್ಷೆ. ಇಲ್ಲಿ ಸತ್ವದ ಆಹಾರ ತಿಂದ ಇಲಿಗಳು ಇವತ್ತಿಗೂ ಓಡಾಡಿಕೊಂಡಿವೆ. ನಾನೇ ಹೋಗಿ ನೋಡಿ ಬಂದು ಬರೆಯುತ್ತಿದ್ದೇನೆ.

ತೂಕ ಸ್ವಲ್ಪ ಮರಳಿ ಬರಬಹುದು. ಬಂದರೆ ಅದು ನೀನು ಮಾಡಿದ ತಪ್ಪಲ್ಲ. ಮೊದಲು ಇದ್ದದ್ದೂ ತಪ್ಪಾಗಿರಲಿಲ್ಲ.

ಹನ್ನೆರಡು ವಾರಕ್ಕೆ ಮುಗಿಯುವ ಲೇಖನದಿಂದ ನನ್ನ ಹೆಸರು ತೆಗೆಯಿರಿ ಎಂದು ರಾಮದಾಸ ಸಾಹೇಬರಿಗೆ ಹೇಳಿದೆ. ಆಗಲಿ ಎಂದರು, ಅಷ್ಟೇ.

ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಬರುತ್ತೇನೆ. ನನ್ನ ಮುಖ ನೋಡುವುದು ಬೇಡವೆನಿಸಿದರೆ ಬರೆ, ಬರುವುದಿಲ್ಲ.

ವೀರಭದ್ರಪ್ಪ


ಗಂಗಾವತಿ
6 ಜೂನ್ 2004

ಮಾಮಾ,

ನನ್ನ ಹೆಸರಿಗೆ ನೀವು ಬರೆದ ಮೊದಲ ಕಾಗದ ಇದು. ಅವ್ವ ಒಡೆಯಲಿಲ್ಲ. ತಂದು ನನ್ನ ಹಾಸಿಗೆಯ ಮೇಲಿಟ್ಟು ಹೊರಗೆ ಹೋಗಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಟೇಬಲ್ಲು ಒರೆಸುತ್ತಿದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು. ಆಗಲೇ ಒಳಗೇನೋ ಇದೆ ಎಂದು ತಿಳಿಯಿತು.

ಇಷ್ಟು ದಿನ ಅವ್ವ ನಿಮ್ಮ ಕಾಗದ ಓದುವಾಗ ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನೇ. ಈ ಸಲ ನಗುವಂಥದ್ದು ಒಂದೂ ಇರಲಿಲ್ಲ. ಇದೇ ಚೆನ್ನಾಗಿದೆ.

ನನಗೆ ಅಪರೇಶನ್ ಬೇಡವಾಗಿತ್ತು. ಟಂಟಂ ಬೇಡವಾಗಿತ್ತು, ಅಷ್ಟೇ. ಕಾಲೇಜಿಗೆ ನಡೆದುಕೊಂಡು ಹೋಗುತ್ತೇನೆ ಎಂದರೆ, ಬಿಸಿಲಲ್ಲಿ ಮಂದಿ ನೋಡುತ್ತಾರೆ ಎಂದಳು ಅವ್ವ. ನೋಡಿದರೆ ನೋಡಲಿ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಈಗ ಆದದ್ದು ಆಗಿದೆ, ಇದು ನನ್ನ ಹೊಟ್ಟೆ, ನಾನೇ ನೋಡಿಕೊಳ್ಳಬೇಕು.

ಗದಿಗೆಮ್ಮ ಹೋಗುವಾಗ ನೀವು ಹತ್ತಿರ ಇದ್ದಿರಾ? ಕಾಗದದಲ್ಲಿ ಬರೆಯಬೇಡಿ. ಬಂದಾಗ ಹೇಳಿ.

ಭಾನುವಾರ ಬನ್ನಿ. ಅವ್ವ ನಿಮಗೆಂದು ಆಗಲೇ ಶೇಂಗಾ ಹುರಿಯಲು ಶುರು ಮಾಡಿದ್ದಾಳೆ, ಅಂದರೆ ಅರ್ಧ ಸಿಟ್ಟು ಇಳಿದಿದೆ ಎಂದು ಲೆಕ್ಕ. ನನ್ನದು ಇನ್ನೂ ಇದೆ, ನೀವು ಬಂದ ಮೇಲೆ ನೋಡೋಣ. ಒಂದು ಮಾತು ಮಾತ್ರ ಈಗಲೇ ಹೇಳುತ್ತೇನೆ. ಬಂದವರೇ ಬಾಗಿಲಲ್ಲಿ ನಿಂತು, ಮಾತ್ರೆ ನುಂಗುತ್ತಾಳಾ, ಸುಸ್ತಾಗುತ್ತದಾ, ಕೂದಲು ಉದುರುತ್ತದಾ ಎಂದು ಅವ್ವನನ್ನು ಕೇಳಬೇಡಿ. ನಾನು ಅಲ್ಲೇ ಇರುತ್ತೇನೆ. ನನ್ನನ್ನು ಕೇಳಿ.

ವಿಜಯಶ್ರೀ